ಒಬ್ಬ ಜೊತೆಗಾರ ಸಾಕು

ನಮ್ಮ ಹೊರನಾಡ ಕನ್ನಡ ಸಂಘಗಳ ಪತ್ರಿಕೆಗಳಲ್ಲಿ ಮಕ್ಕಳಿಗೆ ಸ್ಥಾನ ಸಿಗುವುದು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಪರೀಕ್ಷೆಯ ಫಲಿತಾಂಶ ಬಂದಾಗ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳು ಸಾಲಾಗಿ ಅಚ್ಚಾಗುತ್ತವೆ. ಆಮೇಲೆ ನವೆಂಬರಿನಲ್ಲಿ, ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆಗೆ ಕಿತ್ತೂರು ಚೆನ್ನಮ್ಮನಾಗಿಯೋ ಬಸವಣ್ಣನಾಗಿಯೋ ಬಂದವರ ಚಿತ್ರಗಳು. ಎರಡೂ ಸಂತೋಷದ ವಿಷಯವೇ. ಆದರೆ ಮಗು ವರ್ಷದಲ್ಲಿ ಇನ್ನೂರು ದಿನಕ್ಕೂ ಹೆಚ್ಚು ಶಾಲೆಗೆ ಹೋಗುತ್ತದೆ. ಪಾಠದ ಹೊತ್ತಿನ ವಿಚಾರ ನಮಗೆ ಪ್ರಗತಿಪತ್ರದಿಂದ ಗೊತ್ತಾಗುತ್ತದೆ. ಉಳಿದ ಹೊತ್ತಿನಲ್ಲಿ, ಅಂದರೆ ಡಬ್ಬಿ ಬಿಚ್ಚುವ ಅರ್ಧ ಗಂಟೆಯಲ್ಲಿ, ನೀರಿನ ನಲ್ಲಿಯ ಹತ್ತಿರ, ಮೆಟ್ಟಿಲಿನ ತಿರುವಿನಲ್ಲಿ, ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಏನು ನಡೆಯುತ್ತದೆಂಬುದನ್ನು ಯಾವ ಪ್ರಗತಿಪತ್ರವೂ ತಿಳಿಸುವುದಿಲ್ಲ.

1982ರಿಂದ 2016ರವರೆಗೆ, ಒಟ್ಟು 34 ವರ್ಷ, ಮುಂಬಯಿಯ ಒಂದು ಉಪನಗರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಅದಕ್ಕೆ ಮೊದಲು ಇದೇ ನಗರದ ಶಾಲೆಯ ಬೆಂಚಿನಲ್ಲಿ ಕುಳಿತವನು. ಮೇಜಿನ ಆಚೆಯಿಂದಲೂ ಈಚೆಯಿಂದಲೂ ಕಂಡ ಒಂದು ವಿಷಯವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ. ಅದು ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಹಿಂಸೆಯ ವಿಷಯ.

ಇದಕ್ಕೆ ನಮ್ಮ ಭಾಷೆಯಲ್ಲಿ ಒಪ್ಪುವಂಥ ಒಂದು ಹೆಸರಿಲ್ಲ. ಗೇಲಿ, ಕೀಟಲೆ, ಚೇಷ್ಟೆ, ಕುಚೋದ್ಯ, ಛೇಡಿಸುವುದು ಎಂದು ಪದಗಳೇನೋ ಬೇಕಾದಷ್ಟಿವೆ. ಆದರೆ ಎಲ್ಲದರಲ್ಲೂ ಒಂದಿಷ್ಟು ನಗು ಬೆರೆತಿದೆ. ಹಾಗಾಗಿಯೇ ಮಗು ಬಂದು ದೂರಿದಾಗ "ಹುಡುಗಾಟ, ಬಿಡು" ಎಂದುಬಿಡುವುದು ನಮಗೆ ಸುಲಭ. ಪೀಡನೆ, ಕಿರುಕುಳ ಎಂದರೆ ಕಚೇರಿಯ ಕಾಗದದ ಮಾತಿನಂತಾಗುತ್ತದೆ. ಈಗ ಇಂಗ್ಲಿಷಿನ 'ಬುಲ್ಲಿಯಿಂಗ್' ಎಂಬ ಶಬ್ದ ನಮ್ಮ ಮನೆಗಳಿಗೂ ಬಂದಿದೆ. ಸ್ವೀಡನ್ ದೇಶದಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಪೀಟರ್ ಪೌಲ್ ಹೈನೆಮನ್ ಎಂಬ ವೈದ್ಯರು ಇದನ್ನು ಕುರಿತು ಬರೆದಾಗ ಪ್ರಾಣಿಶಾಸ್ತ್ರದಿಂದ ಒಂದು ಪದವನ್ನು ಎರವಲು ತಂದರು. ಹಕ್ಕಿಗಳೋ ಪ್ರಾಣಿಗಳೋ ಗುಂಪುಗೂಡಿ ಒಂದರ ಮೇಲೆ ಎರಗುವುದಕ್ಕೆ ಆ ಶಾಸ್ತ್ರದಲ್ಲಿ 'ಮಾಬಿಂಗ್' ಎಂಬ ಹೆಸರಿತ್ತು. ನಮ್ಮ ಊರ ಕಡೆ ಹಗಲು ಹೊತ್ತಿನಲ್ಲಿ ಗೂಬೆಯೊಂದು ಹೊರಬಿದ್ದರೆ ಕಾಗೆಗಳೆಲ್ಲ ಸೇರಿ ಅದನ್ನು ತೆಂಗಿನ ಮರದಿಂದ ತೆಂಗಿನ ಮರಕ್ಕೆ ಅಟ್ಟುವುದನ್ನು ನೋಡಿದವರಿಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹುಡುಗಾಟಕ್ಕೂ ಹಿಂಸೆಗೂ ಗೆರೆ ಎಳೆಯುವುದು ಹೇಗೆ? ಈ ವಿಷಯದಲ್ಲಿ ಮೊದಲಾಗಿ ದೊಡ್ಡ ಕೆಲಸ ಮಾಡಿದವರು ನಾರ್ವೆಯ ಬೆರ್ಗೆನ್ ನಗರದಲ್ಲಿದ್ದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು. ಅವರ ಪುಸ್ತಕ 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ, 1978ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅವರು ಹೇಳಿದ ಗುರುತುಗಳು ಮೂರು. ನೋಯಿಸಬೇಕೆಂದೇ ಮಾಡಿದ್ದು, ಮತ್ತೆ ಮತ್ತೆ ಮಾಡಿದ್ದು, ತಿರುಗಿ ನಿಲ್ಲಲಾರದವನ ಮೇಲೆ ಮಾಡಿದ್ದು. ಇಬ್ಬರು ಸಮಬಲದ ಹುಡುಗರು ಕಾಲರ್ ಹಿಡಿದು ಹೊಡೆದಾಡಿದರೆ ಅದು ಜಗಳ. ಸಂಜೆಯೊಳಗೆ ಮುಗಿಯುತ್ತದೆ. ಹತ್ತು ಜನ ಸೇರಿ ಒಬ್ಬನನ್ನು ದಿನಾ ಒಂದು ಅಡ್ಡಹೆಸರಿನಿಂದ ಕರೆದರೆ, ಯಾರೂ ಮೈಮುಟ್ಟದಿದ್ದರೂ, ಅದು ಹಿಂಸೆ. ಇನ್ನೂ ಒಂದು ಬಗೆಯಿದೆ: ಯಾರೂ ಏನೂ ಅನ್ನುವುದಿಲ್ಲ, ಆದರೆ ಮಗು ಬಂದು ಕೂತೊಡನೆ ಉಳಿದವರು ಎದ್ದು ಹೋಗುತ್ತಾರೆ. ಇದರ ಗಾಯ ಮೈಮೇಲೆ ಕಾಣುವುದಿಲ್ಲವಾದ್ದರಿಂದ ದೂರು ಕೊಡಲೂ ಮಗುವಿಗೆ ಮಾತು ಸಿಗುವುದಿಲ್ಲ.

1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಜೊತೆಯವರ ಹಿಂಸೆಯೇ ಕಾರಣವಿರಬೇಕೆಂಬ ಸುದ್ದಿಗೆ ದೇಶವೇ ತಲ್ಲಣಿಸಿತು. 1983ರಲ್ಲಿ ಅಲ್ಲಿನ ಸರಕಾರ ಎಲ್ಲ ಶಾಲೆಗಳಲ್ಲೂ ಇದರ ವಿರುದ್ಧ ಚಳವಳಿ ಹೂಡಿತು. ಬೆರ್ಗೆನ್ನಿನ ಸುಮಾರು 2500 ಮಕ್ಕಳ ನಡುವೆ ಓಲ್ವೇಯಸ್ ತಮ್ಮ ಕ್ರಮವನ್ನು ನಡೆಸಿ ನೋಡಿದರು. ಎರಡು ವರ್ಷಗಳಲ್ಲಿ ಇಂಥ ಪ್ರಕರಣಗಳು ಅರ್ಧದಷ್ಟು ಇಳಿದವು. 'ಮಕ್ಕಳೆಂದರೆ ಹೀಗೇ, ಇದು ಪ್ರಕೃತಿನಿಯಮ' ಎನ್ನುವವರಿಗೆ ಅದು ಕೊಟ್ಟ ಉತ್ತರ ಸಣ್ಣದಲ್ಲ.

ಇಷ್ಟು ಪೀಠಿಕೆ ಸಾಕು. ಇನ್ನು ನನ್ನ ಕಥೆಗೆ ಬರುತ್ತೇನೆ. ಅದೇನೂ ಅಪರೂಪದ ಕಥೆಯಲ್ಲ. ಇದನ್ನು ಓದುತ್ತಿರುವವರಲ್ಲಿ ಅನೇಕರು "ಇದು ನನ್ನದೇ" ಎಂದುಕೊಂಡಾರು.

ನನ್ನ ಊರು ಕುಂದಾಪುರದ ಹತ್ತಿರದ ಒಂದು ಹಳ್ಳಿ. ತಂದೆಯವರು ಮುಂಬಯಿಯ ಕೋಟೆ ಪ್ರದೇಶದ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ನಮ್ಮ ವಾಸ ಸಾಯನ್ ಕಡೆಯ ಒಂದು ಚಾಳಿನಲ್ಲಿ. ಏಳನೆಯ ತರಗತಿಯವರೆಗೆ ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರೂ ನಮ್ಮವರು, ಜೊತೆಯ ಮಕ್ಕಳೂ ನಮ್ಮವರು. 1971ರ ಜೂನಿನಲ್ಲಿ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲು ಸೇರಿದೆ. ಐವತ್ತು ಜನರ ಆ ತರಗತಿಯಲ್ಲಿ ಕನ್ನಡ ಶಾಲೆಯಿಂದ ಬಂದವನು ನಾನೊಬ್ಬನೇ.

1966ರ ನಂತರದ ಕೆಲವು ವರ್ಷ ಮುಂಬಯಿಯ ಗೋಡೆಗಳ ಮೇಲೆ ದಕ್ಷಿಣದವರನ್ನು ಕುರಿತು ಏನೇನು ಬರೆದಿರುತ್ತಿತ್ತೆಂಬುದು ಹಿರಿಯ ಓದುಗರಿಗೆ ನೆನಪಿದ್ದೀತು. ದೊಡ್ಡವರು ಗೋಡೆಯ ಮೇಲೆ ಬರೆದದ್ದನ್ನು ಮಕ್ಕಳು ತರಗತಿಯೊಳಗೆ ತರುತ್ತಾರೆ. ನಾವು ಉಡುಪಿಯವರಾಗಲಿ ಧಾರವಾಡದವರಾಗಲಿ, ಅವರಿಗೆ ಎಲ್ಲರೂ 'ಮದ್ರಾಸಿ'ಗಳೇ. ನಾನು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ 'ಯಂಡುಗುಂಡು' ಎಂಬ ಕೂಗು ಏಳುತ್ತಿತ್ತು. ನಮ್ಮ ಭಾಷೆಗಳೆಲ್ಲ ಅವರ ಕಿವಿಗೆ ಹಾಗೆ ಕೇಳಿಸುತ್ತಿದ್ದವಂತೆ. ಅಮ್ಮ ತಲೆಗೆ ತೆಂಗಿನೆಣ್ಣೆ ಹಚ್ಚಿ ಬಾಚಿ ಕಳಿಸುತ್ತಿದ್ದಳು. ಮರಾಠಿಯಲ್ಲಿ ಆ ಎಣ್ಣೆಗೆ 'ಖೋಬ್ರೇಲ್' ಎನ್ನುತ್ತಾರೆ. ಜುಲೈ ಮುಗಿಯುವುದರೊಳಗೆ ಅದೇ ನನ್ನ ಹೆಸರಾಗಿಬಿಟ್ಟಿತು. ಹಾಜರಿ ಕರೆಯುವಾಗ ಮಾತ್ರ ನನ್ನ ನಿಜವಾದ ಹೆಸರು ಕೇಳಿಸುತ್ತಿತ್ತು.

ಡಬ್ಬಿಯ ಹೊತ್ತು ಎಲ್ಲಕ್ಕಿಂತ ಕಷ್ಟ. ನಮ್ಮ ಮನೆಯಲ್ಲಿ ಊರಿನಿಂದ ತಂದ ಕುಚ್ಚಲಕ್ಕಿಯ ಅನ್ನ. ಕೆಂಪಗಿನ ಆ ದಪ್ಪ ಅನ್ನವನ್ನು ನೋಡಲಿಕ್ಕೆಂದೇ ನಾಲ್ಕು ಜನ ನನ್ನ ಬೆಂಚಿನ ಸುತ್ತ ನಿಲ್ಲುತ್ತಿದ್ದರು. "ಲಾಲ್ ಭಾತ್, ಲಾಲ್ ಭಾತ್" ಎಂದು ತಾಳ ಹಾಕುತ್ತಿದ್ದರು. ಒಬ್ಬ ಮುಚ್ಚಳ ಎತ್ತಿಕೊಂಡು ಓಡಿದರೆ ಇನ್ನೊಬ್ಬ ಅದನ್ನು ಹಿಡಿಯುತ್ತಿದ್ದ. ಸ್ವಲ್ಪ ದಿನದಲ್ಲಿ ನಾನು ಡಬ್ಬಿ ಬಿಚ್ಚುವುದನ್ನೇ ಬಿಟ್ಟೆ. ಸಂಜೆ ಅಮ್ಮನ ಪ್ರಶ್ನೆ:

"ಎಂತ ಮಗಾ, ಡಬ್ಬಿ ಹಾಗೇ ಉಂಟಲ್ಲ?"

"ಹಸಿವೆ ಇರ್ಲಿಲ್ಲ ಅಮ್ಮ."

ಇನ್ನೇನು ಹೇಳಲಿ? ಅನ್ನ ಕೆಂಪಗಿದೆಯೆಂದು ಹೇಳಲೇ? ಅವಳ ಮಟ್ಟಿಗೆ ಅನ್ನ ಇರಬೇಕಾದ್ದೇ ಹಾಗೆ. ಸೋಮವಾರ ಬೆಳಗಾದರೆ ನನಗೆ ಹೊಟ್ಟೆನೋವು. ಅದು ನಟನೆಯಲ್ಲ, ನಿಜವಾಗಿಯೂ ಹೊಟ್ಟೆ ಹಿಂಡುತ್ತಿತ್ತು. ಅಮ್ಮ ಓಮದ ಕಷಾಯ ಕೊಡುತ್ತಿದ್ದಳು. ಶನಿವಾರ ಮಧ್ಯಾಹ್ನದಿಂದ ನೋವು ತಾನಾಗಿ ಮಾಯವಾಗುತ್ತಿತ್ತು. ಶಾಲೆಯ ಗೇಟಿನ ಹೊರಗಿನ ನಲ್ಲಿಯಲ್ಲಿ ತಲೆ ತೊಳೆದು ಎಣ್ಣೆ ಹೋಗುವಂತೆ ಉಜ್ಜಿಕೊಂಡು ಒಳಗೆ ಹೋಗುವುದನ್ನು ಕಲಿತೆ. ರಸ್ತೆಯಲ್ಲಿ ಅಮ್ಮ ಕನ್ನಡದಲ್ಲಿ ಕೂಗಿ ಕರೆದರೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದೆ. ತಂದೆಯವರಿಗೆ ಅದೊಂದು ಹೆಮ್ಮೆ. "ಮಗ ಪೂರ್ತಿ ಬೊಂಬಾಯಿಯವನಾದ" ಎಂದು ಚಾಳಿನ ಪಕ್ಕದ ಕೋಣೆಯವರಿಗೆ ಹೇಳುತ್ತಿದ್ದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೊರನಾಡಿನಲ್ಲಿ ನಮ್ಮ ಮಕ್ಕಳು ಕನ್ನಡ ಬಿಡುತ್ತಿದ್ದಾರೆಂದು ಪ್ರತಿ ರಾಜ್ಯೋತ್ಸವದಲ್ಲೂ ಭಾಷಣವಾಗುತ್ತದೆ. ಅಭಿಮಾನ ಸಾಲದು, ತಾಯಂದಿರು ಮನೆಯಲ್ಲಿ ಮಾತಾಡಿಸುವುದಿಲ್ಲ, ದೂರದರ್ಶನ ಕೆಡಿಸಿತು, ಈಗ ಮೊಬೈಲು ಕೆಡಿಸಿತು ಎಂದು ಕಾರಣಗಳನ್ನು ಎಣಿಸುತ್ತೇವೆ. ಆ ಕಾರಣಗಳೂ ಇರಬಹುದು. ಆದರೆ ಎಷ್ಟೋ ಮಕ್ಕಳು ಕನ್ನಡವನ್ನು ಕಳಚಿಟ್ಟದ್ದು ಶಾಲೆಯ ಗೇಟಿನಲ್ಲಿ, ಪೆಟ್ಟು ತಪ್ಪಿಸಿಕೊಳ್ಳಲಿಕ್ಕಾಗಿ. ಮಗು ಭಾಷೆಯನ್ನು ದ್ವೇಷಿಸುವುದಿಲ್ಲ. ಆ ಭಾಷೆ ತನ್ನನ್ನು ಗುಂಪಿನಲ್ಲಿ ಗುರುತು ಹಿಡಿದು ಕೊಡುತ್ತದೆಂದು ಹೆದರುತ್ತದೆ. ನಾವು ಜಾಣತನವೆಂದು ಹಿಗ್ಗುವುದು, ಅಥವಾ ಅಭಿಮಾನಶೂನ್ಯತೆಯೆಂದು ಗದರಿಸುವುದು, ಎರಡೂ ಅಲ್ಲಿ ತಪ್ಪಿದ ಲೆಕ್ಕವೇ.

ನನ್ನ ವನವಾಸ ಮುಗಿದದ್ದು ಹೇಗೆಂದರೆ, ಕೇಳಿದವರಿಗೆ ಇಷ್ಟೇನೇ ಎನಿಸಬೇಕು. ದೀಪಾವಳಿ ರಜೆ ಮುಗಿದ ಮೇಲೆ ಬೆಂಚುಗಳು ಬದಲಾಗಿ ನನ್ನ ಪಕ್ಕಕ್ಕೆ ಒಬ್ಬ ಮರಾಠಿ ಹುಡುಗ ಬಂದ. ಅವನ ತಂದೆ ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಮೂಲ ರತ್ನಾಗಿರಿ ಜಿಲ್ಲೆಯಲ್ಲಿದ್ದ ಮಾಲವಣದ ಕಡೆ. ಒಂದು ದಿನ ಅವನು ನನ್ನ ಡಬ್ಬಿಯನ್ನು ತಾನೇ ಬಿಚ್ಚಿದ. ಸುತ್ತ ನಿಂತವರು ತಾಳಕ್ಕೆ ಕೈಯೆತ್ತಿದರು. ಅವನು ಒಂದು ತುತ್ತು ಬಾಯಿಗೆ ಹಾಕಿಕೊಂಡು, "ಆಮ್ಚ್ಯಾ ಗಾವೀ ಪಣ್ ಹಾಚ್ ಭಾತ್ ಅಸ್ತೋ" ಎಂದ. ನಮ್ಮ ಊರಲ್ಲೂ ಇದೇ ಅನ್ನ ಎಂದರ್ಥ. ಮಾಲವಣದ ಕಡೆಯೂ ಕುಚ್ಚಲಕ್ಕಿ ಉಣ್ಣುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ತಾಳ ಹಾಕುವವರಿಗೂ ಗೊತ್ತಿರಲಿಲ್ಲ. ಎತ್ತಿದ ಕೈಗಳು ಹಾಗೇ ಇಳಿದವು. ಅವನು ಯಾರೊಡನೆಯೂ ಜಗಳ ಮಾಡಲಿಲ್ಲ, ಉಪದೇಶ ಮಾಡಲಿಲ್ಲ, ಸರ್ ಹತ್ತಿರ ದೂರು ಒಯ್ಯಲಿಲ್ಲ. ಮರುದಿನವೂ ಪಕ್ಕದಲ್ಲೇ ಕೂತು ತನ್ನ ಭಾಕರಿಯನ್ನು ನನ್ನ ಕಡೆ ಸರಿಸಿದ, ಅಷ್ಟೆ. 'ಖೋಬ್ರೇಲ್' ಎಂಬ ಹೆಸರು ಹತ್ತನೆಯ ತರಗತಿಯವರೆಗೂ ಅಲ್ಲಲ್ಲಿ ಕೇಳಿಸುತ್ತಿತ್ತು. ಆದರೆ ಅದರ ಮುಳ್ಳು ಮುರಿದಿತ್ತು. ಒಬ್ಬನಿದ್ದವನು ಇಬ್ಬರಾಗಿದ್ದೆ. ಸೋಮವಾರದ ಹೊಟ್ಟೆನೋವು ಓಮದ ಕಷಾಯವಿಲ್ಲದೆ ವಾಸಿಯಾಯಿತು.

ಬಹಳ ವರ್ಷಗಳ ಮೇಲೆ, ಮೇಷ್ಟ್ರಾಗಿ ಈ ವಿಷಯದ ಬರಹಗಳನ್ನು ಹುಡುಕಿ ಓದುವಾಗ, ಆ ಹುಡುಗ ಮಾಡಿದ್ದರ ಬೆಲೆ ನನಗೆ ಲೆಕ್ಕದಲ್ಲಿ ಸಿಕ್ಕಿತು. ಕೆನಡಾ ದೇಶದ ಸಂಶೋಧಕರು ಶಾಲೆಯ ಆಟದ ಬಯಲಿನಲ್ಲಿ ಮಕ್ಕಳನ್ನು ಚಿತ್ರೀಕರಿಸಿ, ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದರು. ಅದು 2001ರಲ್ಲಿ ಪ್ರಕಟವಾಯಿತು. ಹಿಂಸೆಯ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ನಿಂತು ನೋಡುತ್ತಿದ್ದರು. ಯಾರಾದರೂ ನಡುವೆ ಬಂದದ್ದು ನೂರಕ್ಕೆ 19ರಲ್ಲಿ ಮಾತ್ರ. ಆದರೆ ಹಾಗೆ ನಡುವೆ ಬಂದಾಗ ನೂರಕ್ಕೆ 57 ಸಲ, ಹತ್ತೇ ಸೆಕೆಂಡುಗಳೊಳಗೆ, ಹಿಂಸೆ ನಿಂತಿತ್ತು. ಹತ್ತು ಸೆಕೆಂಡು! ಒಂದು ತುತ್ತು ಅನ್ನ ಬಾಯಿಗೆ ಹಾಕಿ ಒಂದು ಮಾತು ಆಡುವಷ್ಟು ಹೊತ್ತು. ಕೆನಡಾದ್ದೇ 1999ರ ಇನ್ನೊಂದು ಅಧ್ಯಯನ, ನಿಜವಾದ ಗೆಳೆಯನೊಬ್ಬನಿರುವ ಮಗುವಿನ ಮೇಲೆ ಹಿಂಸೆ ಮುಂದುವರಿಯುವುದೂ ಕಡಿಮೆ, ಅದರಿಂದ ಮನಸ್ಸು ಕುಗ್ಗುವುದೂ ಕಡಿಮೆ ಎಂದು ತೋರಿಸಿತು.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಇದನ್ನೇ ಬೇರೆ ರೀತಿಯಲ್ಲಿ ವಿಂಗಡಿಸಿದರು. ಹಿಂಸಿಸುವವನು, ಹಿಂಸೆಗೊಳಗಾದವನು ಎಂದು ಇಬ್ಬರೇ ಅಲ್ಲ. ಕೈಜೋಡಿಸುವವರಿದ್ದಾರೆ, ನಕ್ಕು ಹುರಿದುಂಬಿಸುವವರಿದ್ದಾರೆ, ಕಂಡೂ ಕಾಣದಂತೆ ಸರಿದುಹೋಗುವವರಿದ್ದಾರೆ, ಕಾಪಾಡಲು ಬರುವವರೂ ಇದ್ದಾರೆ. ನಗುವವರಿಲ್ಲದಿದ್ದರೆ ಹಿಂಸಿಸುವವನಿಗೆ ರಂಗಸ್ಥಳವೇ ಇಲ್ಲ. ಯಕ್ಷಗಾನ ನೋಡಿದವರಿಗೆ ಗೊತ್ತು, ಮುಂದೆ ಜನವಿಲ್ಲದಿದ್ದರೆ ಎಂಥ ರಾಕ್ಷಸ ವೇಷದ ಅಬ್ಬರವೂ ಹೆಚ್ಚು ಹೊತ್ತು ನಡೆಯುವುದಿಲ್ಲ. ಈ ವಿಚಾರದ ಮೇಲೆ ಕಟ್ಟಿದ 'ಕಿವಾ' ಎಂಬ ಕಾರ್ಯಕ್ರಮ 2009ರಿಂದ ಫಿನ್ಲೆಂಡಿನ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿತು. ಅಲ್ಲಿ ಪಾಠ ನಡೆಯುವುದು ಮುಖ್ಯವಾಗಿ ನೋಡುತ್ತ ನಿಂತವರಿಗೆ.

ಇಷ್ಟೆಲ್ಲ ಏಕೆ, ಮಕ್ಕಳು ಬೆಳೆದ ಮೇಲೆ ಮರೆಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದಕ್ಕೂ ಉತ್ತರವಿದೆ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ಜೀವಮಾನವಿಡೀ ಗಮನಿಸುತ್ತ ಬಂದಿದ್ದಾರೆ. ನಾನು ಹುಟ್ಟಿದ್ದೂ ಅದೇ ವರ್ಷವಾದ್ದರಿಂದ ನನಗೆ ಆ ಮಕ್ಕಳ ಮೇಲೆ ಒಂದು ಬಗೆಯ ಸಹಪಾಠಿಯ ಅಕ್ಕರೆ. ಅವರಲ್ಲಿ 7771 ಜನರ ವಿವರಗಳನ್ನಿಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಏಳು ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಅವರ ತಂದೆತಾಯಿ ಹೇಳಿದ ಪ್ರಕಾರ ನೂರಕ್ಕೆ 28 ಮಕ್ಕಳು ಆಗೀಗ, 15 ಮಕ್ಕಳು ಪದೇ ಪದೇ ಜೊತೆಯವರ ಹಿಂಸೆಗೆ ಒಳಗಾಗಿದ್ದರು. ಪದೇ ಪದೇ ನೊಂದವರಲ್ಲಿ ಐವತ್ತರ ವಯಸ್ಸಿನಲ್ಲೂ ಖಿನ್ನತೆ, ಕಳವಳ ಉಳಿದವರಿಗಿಂತ ಹೆಚ್ಚಾಗಿ ಕಂಡುಬಂತು. ನೆಚ್ಚಿಕೊಳ್ಳಲು ಜನವಿಲ್ಲವೆಂಬ ಕೊರಗೂ ಹೆಚ್ಚು. ನೊಂದ ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆಂದಲ್ಲ. ಅನೇಕರು ಚೇತರಿಸಿಕೊಂಡು ಚೆನ್ನಾಗಿ ಬಾಳುತ್ತಾರೆ. ಆದರೆ ನಲವತ್ತು ವರ್ಷ ಉಳಿಯಬಲ್ಲ ಪೆಟ್ಟನ್ನು ಹುಡುಗಾಟವೆಂದು ಕರೆಯುವುದು ಹೇಗೆ? ಯುನೆಸ್ಕೋ ಸಂಸ್ಥೆ 2019ರಲ್ಲಿ ಹೊರತಂದ ವರದಿಯ ಪ್ರಕಾರ ಪ್ರಪಂಚದ ಶಾಲಾಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಇದನ್ನು ಅನುಭವಿಸಿದ್ದರು.

ಇನ್ನು ಮೇಜಿನ ಈಚೆಯ ಒಂದು ಪ್ರಸಂಗ. 1998ರಲ್ಲಿ ನನ್ನ ಎಂಟನೆಯ ತರಗತಿಗೆ ಕಲಬುರಗಿ ಕಡೆಯ ಒಬ್ಬ ಹುಡುಗಿ ಸೇರಿದಳು. ತಂದೆ ಗವಂಡಿ, ಕಟ್ಟಡ ಮುಗಿದಂತೆಲ್ಲ ಮನೆ ಬದಲಾಗುತ್ತಿತ್ತು. ಗಣಿತದಲ್ಲಿ ಚುರುಕು. ಮೊದಲ ತಿಂಗಳು ಕೈಯೆತ್ತಿ ಉತ್ತರ ಹೇಳುತ್ತಿದ್ದವಳು ಎರಡನೆಯ ತಿಂಗಳಿಗೆ ಕೈಯೆತ್ತುವುದನ್ನು ಬಿಟ್ಟಳು. ಅವಳು ಎದ್ದು ನಿಂತರೆ ಎರಡು ಬೆಂಚುಗಳಲ್ಲಿ ಅವಳ ಉಚ್ಚಾರವನ್ನೇ ಪಿಸುಗುಟ್ಟಿ ನಗುವುದು ಕೇಳಿಸುತ್ತಿತ್ತು. ಬಿಡುವಿನ ಹೊತ್ತಿನಲ್ಲಿ ಆಕೆ ಗ್ರಂಥಾಲಯದ ಬಾಗಿಲ ಬಳಿ ಒಬ್ಬಳೇ. ತಾಯಿಯನ್ನು ಕರೆಸಿದೆ. ಆಕೆ ಕಂಡ ಹಾಗೆ ಎಲ್ಲವೂ ಸರಿಯಾಗಿತ್ತು. "ಅಕಿ ಈಗ ಮನ್ಯಾಗ್ ಭೀ ಹಿಂದೀನೇ ಮಾತಾಡ್ತಾಳ್ರೀ ಸರ್. ಎಷ್ಟ್ ಲಗೂ ಕಲ್ತಾಳ ನೋಡ್ರಿ" ಎಂದು ಸಂತೋಷದಿಂದ ಹೇಳಿದರು. ಆ ಮಾತು ಕೇಳಿ ನನಗೆ ಸಾಯನ್ನಿನ ಚಾಳಿನಲ್ಲಿ ನಮ್ಮ ತಂದೆಯವರು ಆಡುತ್ತಿದ್ದದ್ದೇ ಕೇಳಿದಂತಾಯಿತು.

ಇಂಥ ಸಮಯದಲ್ಲಿ ತರಗತಿಯ ಮುಂದೆ ಗುಡುಗುವುದು ಸುಲಭ. ಆದರೆ "ಇವಳನ್ನು ಯಾರು ಗೇಲಿ ಮಾಡುತ್ತೀರಿ, ಎದ್ದು ನಿಲ್ಲಿ" ಎಂದು ಎಲ್ಲರೆದುರು ಕೇಳಿದರೆ ಮಗುವಿನ ಬೆನ್ನಿಗೆ ಹೊಸದೊಂದು ಚೀಟಿ ಅಂಟಿಸಿದಂತೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವುದೂ ಅಷ್ಟೆ. ಬಲವಿಲ್ಲದವನು ಹೆದರಿ ಕೈ ಕೊಡುತ್ತಾನೆ, ಬಲವಿದ್ದವನು ಗೇಟಿನ ಹೊರಗೆ ಲೆಕ್ಕ ತೀರಿಸುತ್ತಾನೆ. ನಾನು ನಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆ ದಿನ ಕರೆದು ಮಾತಾಡಿಸಿದೆ. ಗುಂಪಿನಲ್ಲಿದ್ದಾಗ ಹುಲಿಗಳಂತಿದ್ದವರು ಒಬ್ಬರೇ ಬಂದಾಗ ಮೆತ್ತಗಿನ ಮಕ್ಕಳು. ಒಬ್ಬಳು, "ನಾನು ನಗದಿದ್ದರೆ ನಾಳೆ ನನ್ನನ್ನೇ ಹಿಡಿಯುತ್ತಾರೆ ಸರ್" ಎಂದು ಅತ್ತಳು. ಪ್ರಯೋಗಶಾಲೆಯ ಕಪಾಟಿನ ಬೀಗದ ಕೈಯನ್ನು ಆ ಅತ್ತ ಹುಡುಗಿಗೂ ಕಲಬುರಗಿಯ ಹುಡುಗಿಗೂ ಒಟ್ಟಿಗೆ ವಹಿಸಿದೆ. ಪ್ರತಿ ಬುಧವಾರ ಗಾಜಿನ ನಳಿಗೆಗಳನ್ನು ಎಣಿಸಿ, ತೊಳೆದು ಇಡುವುದು ಇಬ್ಬರ ಕೆಲಸ. ನಳಿಗೆ ಒಡೆದರೆ ಇಬ್ಬರೂ ಜವಾಬ್ದಾರರು. ಸಂಕ್ರಾಂತಿಯ ಹೊತ್ತಿಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಡಬ್ಬಿ ತಿನ್ನುತ್ತಿದ್ದರು. ಕೈ ಮತ್ತೆ ಮೇಲೇಳಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಪವಾಡವೇನೂ ನಡೆಯಲಿಲ್ಲ. ಒಂದು ಜೊತೆ ಸಿಕ್ಕಿತು, ಉಳಿದದ್ದನ್ನು ಹುಡುಗಿ ತಾನೇ ಮಾಡಿಕೊಂಡಳು.

ಮನೆಯಲ್ಲಿ ನಾವು ಹೇಳುವ ಸಮಾಧಾನಗಳನ್ನೂ ಸ್ವಲ್ಪ ಪರಿಶೀಲಿಸಬೇಕು. "ಲಕ್ಷ್ಯ ಕೊಡಬೇಡ" ಎನ್ನುತ್ತೇವೆ. ಮಗು ಈಗಾಗಲೇ ಎಷ್ಟೋ ವಾರ ಅದನ್ನೇ ಮಾಡಿ ಸೋತು ನಮ್ಮ ಹತ್ತಿರ ಬಂದಿರುತ್ತದೆ. "ತಿರುಗಿಸಿ ನಾಲ್ಕು ಕೊಡು" ಎನ್ನುತ್ತೇವೆ. ಕೊಡುವ ಬಲವಿದ್ದಿದ್ದರೆ ಅದು ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ. "ನೀನೇನೋ ಮಾಡಿರಬೇಕು" ಎನ್ನುವುದಂತೂ ಬಾಗಿಲು ಮುಚ್ಚಿ ಚಿಲಕ ಹಾಕಿದಂತೆ. ಇನ್ನೊಮ್ಮೆ ಅದು ಹೇಳುವುದಿಲ್ಲ. ಮಗು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿ, ನಂಬಿ, ದಿನ, ಹೊತ್ತು, ಸ್ಥಳ ಗುರುತು ಹಾಕಿಕೊಂಡು, ತರಗತಿಯ ಶಿಕ್ಷಕರನ್ನು ಶಾಂತವಾಗಿ ಕಾಣುವುದು ಮೊದಲ ಕೆಲಸ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ನಡುವಿನ ಹಿಂಸೆಯನ್ನು ತಡೆಯುವ ಬಗ್ಗೆ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ, ಅಂದರೆ ಸಿ.ಬಿ.ಎಸ್.ಇ., 2015ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿದೆ. ಶಾಲೆಯವರ ಮುಂದೆ ಕೂತಾಗ ಇವು ನೆನಪಿದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಮಗು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡಿದರೆ ತಡಮಾಡಬಾರದು, ವೈದ್ಯರ ಬಳಿ ಹೋಗಬೇಕು. ಮಕ್ಕಳ ಸಹಾಯವಾಣಿ 1098 ಮೊದಲು ಆರಂಭವಾದದ್ದೇ ನಮ್ಮ ಮುಂಬಯಿಯಲ್ಲಿ, 1996ರಲ್ಲಿ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅಲ್ಲಿ ಅನೇಕ ಭಾರತೀಯ ಭಾಷೆಗಳಲ್ಲಿ ಮಾತಾಡಬಹುದು.

ಇಷ್ಟು ಹೇಳಿ ಬೇರೆಯವರ ಮಕ್ಕಳ ಮೇಲೆ ದೂರು ಹೊರಿಸಿ ಮುಗಿಸಿದರೆ ನ್ಯಾಯವಾಗದು. ನಮ್ಮ ಸಂಘಗಳ ಭಾನುವಾರದ ಕನ್ನಡ ತರಗತಿಗೇ ಹೋಗಿ ನೋಡಿ. ಧಾರವಾಡದ ಮಗು "ಬರ್ರಿ" ಎಂದರೆ ಕರಾವಳಿಯ ಮಕ್ಕಳು ಮುಸಿಮುಸಿ ನಗುತ್ತಾರೆ. ಕರಾವಳಿಯ ಮಗು "ಎಂತ ಉಂಟು" ಎಂದರೆ ಮೈಸೂರಿನ ಕಡೆಯ ಮಕ್ಕಳು ನಗುತ್ತಾರೆ. ಇಲ್ಲೇ ಹುಟ್ಟಿ ಕನ್ನಡ ತೊದಲುವ ಮಗುವನ್ನು ಕಂಡು ಎಲ್ಲರೂ ನಗುತ್ತಾರೆ, ಕೆಲವೊಮ್ಮೆ ಹಿರಿಯರೂ ಕೂಡ. ಮನೆಗೆ ಬಂದ ಮಾವ 'ಏನೋ ಡುಮ್ಮಾ' ಎನ್ನುತ್ತಾರೆ, ಅತ್ತೆ 'ನಮ್ಮ ಕರಿಯಮ್ಮ' ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ನಿಜ. ಆದರೆ ಇನ್ನೊಬ್ಬರ ಮೈಬಣ್ಣ, ಗಾತ್ರ, ಮಾತಿನ ಧಾಟಿ ನಗಲಿಕ್ಕಿರುವ ವಸ್ತುಗಳು ಎಂಬ ಪಾಠವನ್ನು ಮಗು ಅಲ್ಲಿಂದಲೇ ಕಲಿತು ಶಾಲೆಗೆ ಒಯ್ಯುತ್ತದೆ. ಹಿಂಸಿಸುವ ಮಗುವೂ ಯಾರದೋ ಮನೆಯ ಮಗುವೇ, ನಮ್ಮದೂ ಆಗಿರಬಹುದು. ಶಾಲೆಯಿಂದ ಅಂಥ ದೂರು ಬಂದಾಗ "ನಮ್ಮ ಹುಡುಗ ಅಂಥವನಲ್ಲ" ಎಂದು ಸಿಡಿಯುವ ಮೊದಲು ಒಂದು ರಾತ್ರಿ ಯೋಚಿಸುವುದು ಒಳ್ಳೆಯದು.

ನನ್ನ ಕಾಲಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. 1971ರಲ್ಲಿ ಚಾಳಿನ ಮೆಟ್ಟಿಲು ಹತ್ತಿದೊಡನೆ ನಾನು ಬಚಾವು. ಈಗ ತರಗತಿಯ ವಾಟ್ಸಾಪ್ ಗುಂಪು ಮಗುವಿನ ಹಾಸಿಗೆಯವರೆಗೂ ಬರುತ್ತದೆ. ಒಬ್ಬಳ ಚಿತ್ರ ತಿರುಚಿ ಹಾಕಿದರೆ ರಾತ್ರಿ ಹನ್ನೊಂದಕ್ಕೆ ನಲವತ್ತು ಜನ ನಗುವ ಮುಖದ ಗುರುತು ಒತ್ತುತ್ತಾರೆ. ಅವಳೊಬ್ಬಳನ್ನು ಬಿಟ್ಟು ಹೊಸ ಗುಂಪು ಕಟ್ಟುತ್ತಾರೆ. ಸಾಧನ ಹೊಸದು, ಆಟ ಹಳೆಯದೇ. ಅಲ್ಲಿಯೂ ಒಬ್ಬರು "ಇದನ್ನು ತೆಗೆ, ಚೆನ್ನಾಗಿಲ್ಲ" ಎಂದು ಬರೆದರೆ, ಅಥವಾ ಬೇರೆಯಾಗಿ ಅವಳಿಗೊಂದು ಸಂದೇಶ ಕಳಿಸಿದರೆ, ಮಗುವಿಗೆ ಆ ರಾತ್ರಿ ನಿದ್ದೆ ಬಂದೀತು.

ಆದ್ದರಿಂದ ಸಂಘದ ಕಾರ್ಯಕಾರಿ ಮಂಡಳಿಯವರಲ್ಲಿ ನನ್ನದೊಂದು ವಿನಂತಿ. ಭಾನುವಾರದ ಕನ್ನಡ ತರಗತಿಯನ್ನು ಕಾಗುಣಿತ ತಿದ್ದುವುದಕ್ಕಷ್ಟೇ ಸೀಮಿತಗೊಳಿಸಬೇಡಿ. ಶಾಲೆಯಲ್ಲಿ ಒಬ್ಬಂಟಿಯಾದ ಮಗುವಿಗೆ ವಾರಕ್ಕೊಮ್ಮೆಯಾದರೂ ಅಡ್ಡಹೆಸರಿಲ್ಲದೆ, ಸ್ವಂತ ಹೆಸರಿನಿಂದ ಕರೆಯುವ ಇನ್ನೊಂದು ಬಳಗ ಬೇಕು. ಅದನ್ನು ಕೊಡಬಲ್ಲವರು ನಾವು. ಊರಿನಿಂದ ಹೊಸದಾಗಿ ಬಂದ ಕುಟುಂಬದ ಮಗುವಿಗೆ, ಅದೇ ಶಾಲೆಯಲ್ಲೋ ಅದೇ ಬಡಾವಣೆಯಲ್ಲೋ ಇರುವ ಸ್ವಲ್ಪ ದೊಡ್ಡ ಮಗುವನ್ನು ಪರಿಚಯ ಮಾಡಿಸಿ. ಅಣ್ಣನೋ ಅಕ್ಕನೋ ಎಂದು ಕರೆಯಲು ಗೇಟಿನಲ್ಲಿ ಒಬ್ಬರಿದ್ದರೆ ಎಷ್ಟೋ ಕಾಗೆಗಳು ತಾವಾಗಿ ಹಾರಿಹೋಗುತ್ತವೆ. ಇದಕ್ಕೆ ದೇಣಿಗೆ ಬೇಡ, ಸಭಾಂಗಣ ಬೇಡ, ಮುಖ್ಯ ಅತಿಥಿಯೂ ಬೇಡ.

ತಂದೆತಾಯಂದಿರಿಗೂ ಒಂದು ಮಾತು. ಶಾಲೆಯಿಂದ ಬಂದ ಮಗುವನ್ನು "ಎಷ್ಟು ಮಾರ್ಕು ಬಂತು?" ಎಂದು ಕೇಳುವುದು ನಮಗೆಲ್ಲ ರೂಢಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಿ. "ಇವತ್ತು ಯಾರ ಜೊತೆ ಕೂತು ಡಬ್ಬಿ ತಿಂದೆ?" ಎಂಬುದು ಒಂದು. ಉತ್ತರದಲ್ಲಿ ಒಂದು ಹೆಸರು ಬಂದರೆ ನೆಮ್ಮದಿಯಾಗಿರಿ. ಹೆಸರು ಬರದೆ ದಿನಗಳು ಕಳೆದರೆ ಎಚ್ಚೆತ್ತುಕೊಳ್ಳಿ. "ನಿಮ್ಮ ತರಗತಿಯಲ್ಲಿ ಒಬ್ಬರೇ ಕೂತು ತಿನ್ನುವವರು ಯಾರಾದರೂ ಇದ್ದಾರೆಯೇ?" ಎಂಬುದು ಇನ್ನೊಂದು. ಇದ್ದಾರೆಂದು ಮಗು ಹೇಳಿದರೆ, ನಾಳೆಯ ಡಬ್ಬಿಗೆ ಎರಡು ದೋಸೆ ಹೆಚ್ಚಿಗೆ ಹಾಕಿ ಕಳಿಸಿ.